ಹಸಿರು ಗೇಟು, ಬಿಳಿ ಗೇಟು

ಎರಡು ಗುಪ್ತಚರ ಇಲಾಖೆಗಳನ್ನು ಸೇರಿಸಿ ಒಂದು ಮಾಡುತ್ತಾರಂತೆ ಎಂಬ ಸುದ್ದಿಯನ್ನು ಎಸ್ನಾತ್ ಕನ್ಯೆಂದಳಿಗೆ ಮೊದಲು ಹೇಳಿದವಳು ಆಫೀಸಿನ ಗೇಟಿನ ಮುಂದೆ ಮಂದಾಸಿ ಎಂಬ ಸಿಹಿ ಬೋಂಡಾ ಕರಿದು ಮಾರುವ ಫಲೇಸಿ. ಅಕ್ಟೋಬರ್ ತಿಂಗಳು. ಬೆಳಿಗ್ಗೆ ಏಳೂವರೆಗೇ ರಾಜಧಾನಿ ಲಿಲೊಂಗ್ವೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಎಸ್ನಾತ್ ಮಿನಿಬಸ್ಸಿನಿಂದ ಇಳಿದಿದ್ದಳಷ್ಟೆ. ಕಂಡಕ್ಟರ್ ಎಂದಿನಂತೆ "ಹಸಿರು ಗೇಟು! ಗೂಢಚಾರರೆಲ್ಲ ಇಳ್ಕೊಳ್ಳಿ!" ಎಂದು ಕೂಗಿ ಬಾಗಿಲು ಬಡಿದು ಹೋದ.

"ಅಕ್ಕಾ, ಮುಂದಿನ ತಿಂಗಳಿಂದ ನಾನು ಈ ಗೇಟಲ್ಲಿ ಕೂತ್ಕೊಳ್ಲಾ, ಆ ಗೇಟಲ್ಲಿ ಕೂತ್ಕೊಳ್ಲಾ?" ಎಂದಳು ಫಲೇಸಿ, ಬಿಸಿ ಮಂದಾಸಿಗಳನ್ನು ಕಾಗದಕ್ಕೆ ಸುತ್ತುತ್ತ.

"ಯಾಕೆ, ಇಲ್ಲೇನು ಕಷ್ಟ ಆಯ್ತು ನಿಂಗೆ?"

"ಎರಡೂ ಆಫೀಸು ಒಂದೇ ಮಾಡ್ತಾರಂತಲ್ಲ. ಒಂದು ಗೇಟು ಮುಚ್ಚಿಬಿಡ್ತಾರಂತೆ. ನಿಮಗೆ ಗೊತ್ತಿಲ್ವಾ? ನೀವು ಗೂಢಚಾರ್ರಲ್ವಾ?"

ಎಸ್ನಾತಳಿಗೆ ಗೊತ್ತಿರಲಿಲ್ಲ. ಅವಳು ಇಪ್ಪತ್ತಾರು ವರ್ಷದಿಂದ ಹಸಿರು ಗೇಟಿನ ಕಡತ ವಿಭಾಗದ ಮುಖ್ಯಸ್ಥೆ. ದೇಶದ ಒಳಗಿನ ಗುಟ್ಟುಗಳನ್ನು ನೋಡಿಕೊಳ್ಳುವುದು ಹಸಿರು ಗೇಟು. ಅದೇ ರಸ್ತೆಯಲ್ಲಿ ಜಕರಂಡ ಮರಗಳ ಸಾಲು ದಾಟಿದರೆ ಸಿಗುವ ಬಿಳಿ ಗೇಟಿನವರು ಹೊರದೇಶದ ಗುಟ್ಟುಗಳನ್ನು ನೋಡಿಕೊಳ್ಳುವವರು. ಎರಡರ ಹೆಸರೂ ಎಲ್ಲಿಯೂ ಬರೆದಿರಲಿಲ್ಲ. ಹಸಿರು ಗೇಟಿನ ಮೇಲೆ 'ಉಪಕರಣ ದುರಸ್ತಿ ಕೇಂದ್ರ' ಎಂಬ ಫಲಕವಿತ್ತು. ವರ್ಷಕ್ಕೆ ನಾಲ್ಕಾರು ಜನ ಅದನ್ನು ನಂಬಿ ಕೆಟ್ಟ ಫ್ಯಾನು, ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಬರುತ್ತಿದ್ದರು. ಗುಟ್ಟು ಬಯಲಾಗಬಾರದೆಂದು ಅವನ್ನು ದುರಸ್ತಿ ಮಾಡಿ ಕೊಡುತ್ತಿದ್ದರು. ಕೆಲಸ ಚೆನ್ನಾಗಿರುತ್ತಿತ್ತು.

ಎಸ್ನಾತ್ ವಿಷಯವನ್ನು ನಿರ್ದೇಶಕ ಕಲುವರಿಗೆ ಹೇಳಿದಳು. ಕಲುವ ಎತ್ತರದ ಆಳು. ಯೋಚನೆ ಬಂದಾಗಲೆಲ್ಲ ಸೂಟಿನ ಗುಂಡಿ ಬಿಚ್ಚಿ ಹಾಕುತ್ತಿದ್ದರು. ಸುದ್ದಿ ಎಲ್ಲಿಂದ ಹುಟ್ಟಿತೆಂದು ಪತ್ತೆ ಮಾಡಲು ಅವರು ಮೂವರು ಅಧಿಕಾರಿಗಳನ್ನು ಹಚ್ಚಿದರು. ಎರಡು ದಿನಕ್ಕೆ ವರದಿ ಬಂತು. ಫಲೇಸಿಗೆ ಹೇಳಿದವನು ಮಿನಿಬಸ್ಸಿನ ಕಂಡಕ್ಟರ್. ಅವನಿಗೆ ಬಿಳಿ ಗೇಟಿನ ಡ್ರೈವರ್. ಆ ಡ್ರೈವರಿಗೆ ಹಸಿರು ಗೇಟಿನ ಡ್ರೈವರ್. ಈ ಡ್ರೈವರಿಗೆ ನಿರ್ದೇಶಕರ ಕಾರ್ಯದರ್ಶಿ. ಕಾರ್ಯದರ್ಶಿ, ನಿರ್ದೇಶಕರೇ ಫೋನಿನಲ್ಲಿ ಯಾರಿಗೋ "ನಮ್ಮಿಬ್ಬರದ್ದನ್ನೂ ಒಂದೇ ಕೊಟ್ಟಿಗೆಗೆ ಕಟ್ಟಿದರೆ ಚೆನ್ನಾಗಿರುತ್ತೆ" ಎಂದದ್ದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದ್ದಳು.

ಕಲುವ ಗುಂಡಿ ಬಿಚ್ಚಿದರು. "ಅದು ನಮ್ಮ ಭಾವನ ಆಕಳಿನ ವಿಚಾರ. ನನ್ನ ಆಕಳು, ಅವನ ಆಕಳು."

"ಹಾಗಾದ್ರೆ ಸುದ್ದಿ ಸುಳ್ಳು, ಬ್ವಾನಾ," ಎಂದಳು ಎಸ್ನಾತ್, ನಿರಾಳವಾಗಿ.

"ಸುಳ್ಳು ಹೇಗಾಗುತ್ತೆ ಅಮ್ಮಾ? ಐದು ಬೇರೆಬೇರೆ ಮೂಲಗಳಿಂದ ಖಚಿತ ಆಗಿದೆ. ನಮ್ಮ ನಿಯಮದಲ್ಲಿ ಎರಡು ಮೂಲ ಸಾಕು."

ಹೀಗೆ ಸುದ್ದಿ ನಿಜವಾಯಿತು. ಬಿಳಿ ಗೇಟಿನವರಿಗೂ ತಮ್ಮ ಕಡೆಯಿಂದ ಅದು ನಿಜವೆಂದು ಗೊತ್ತಾಯಿತು. ಇಬ್ಬರೂ ಮೇಲಿನವರಿಗೆ ಪತ್ರ ಬರೆದು, ವಿಲೀನ ಮಾಡುವುದಾದರೆ ತಮ್ಮ ಇಲಾಖೆಯೇ ದೊಡ್ಡದೆಂದೂ, ದೊಡ್ಡದರೊಳಗೆ ಚಿಕ್ಕದು ಸೇರಬೇಕೆಂದೂ ವಾದಿಸಿದರು. ಮೇಲಿನವರಿಗೆ ಅಲ್ಲಿಯವರೆಗೆ ವಿಲೀನದ ಆಲೋಚನೆಯೇ ಇರಲಿಲ್ಲ. ಆದರೆ ಇಬ್ಬರೂ ಇಷ್ಟು ಗಂಭೀರವಾಗಿ ಬರೆದ ಮೇಲೆ ಸುಮ್ಮನಿರುವುದು ಹೇಗೆ? ಯಾವ ಇಲಾಖೆ ದೊಡ್ಡದೆಂದು ಅಳೆಯಲು ಮೂವರ ಸಮಿತಿ ನೇಮಕವಾಯಿತು. ಜನರನ್ನು ಎಣಿಸುವಂತಿಲ್ಲ, ಅವರು ಗುಪ್ತ. ಖರ್ಚನ್ನು ನೋಡುವಂತಿಲ್ಲ, ಅದು ಇನ್ನೂ ಗುಪ್ತ. ಕಡತಗಳನ್ನು ತೆರೆಯದೆ, ಬರೀ ಹೊರಗಿನಿಂದ ಎಣಿಸಬಹುದು ಎಂದು ಸಮಿತಿ ತೀರ್ಮಾನಿಸಿತು. ಎಣಿಕೆಗೆ ಒಂದು ತಿಂಗಳ ಸಮಯ ಕೊಟ್ಟಿತು.

"ನಮ್ಮಲ್ಲಿ ಎಷ್ಟಿವೆ?" ಎಂದು ಕೇಳಿದರು ಕಲುವ.

"ಎಂಟು ಸಾವಿರದ ನೂರ ಹದಿನಾಲ್ಕು."

"ಬಿಳಿ ಗೇಟಲ್ಲಿ ಒಂಬತ್ತು ಸಾವಿರದ ಮೇಲಿವೆ. ಅಲ್ಲಿನ ನಮ್ಮ ಮನುಷ್ಯ ಹೇಳಿದ. ನೀವು ಹನ್ನೆರಡು ಸಾವಿರ ಮಾಡಿ."

"ಬ್ವಾನಾ, ಕಡತ ಅಂದ್ರೆ ಬೀನ್ಸ್ ಬಿತ್ತಿದ ಹಾಗಾ? ಒಬ್ಬ ಮನುಷ್ಯನ ಮೇಲೆ ಕಡತ ತೆರೀಬೇಕಾದ್ರೆ ಕಾರಣ ಬೇಕು. ಮೊದಲನೇ ಹಾಳೆಯಲ್ಲೇ 'ಕಾರಣ' ಅಂತ ಒಂದು ಸಾಲಿದೆ."

"ಆ ಸಾಲು ಖಾಲಿ ಬಿಡಿ. ಕಾರಣ ಆಮೇಲೆ ತಾನಾಗೇ ಬರುತ್ತೆ."

ಎಸ್ನಾತ್ ತನ್ನ ಕೋಣೆಗೆ ಬಂದಳು. ಅವಳಿಗೆ ಐವತ್ತೆಂಟು, ನಿವೃತ್ತಿಗೆ ಎರಡು ವರ್ಷ ಬಾಕಿ. ಆ ಎಂಟು ಸಾವಿರ ಚಿಲ್ಲರೆ ಕಡತಗಳಲ್ಲಿ ಯಾವುದನ್ನು ಕೇಳಿದರೂ ಯಾವ ಕಪಾಟು, ಯಾವ ಹಲಗೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಕಡತದಲ್ಲಿ ಇಲ್ಲದ್ದನ್ನು ಒಂದು ಸಾಲೂ ಸೇರಿಸಿದವಳಲ್ಲ, ಇದ್ದದ್ದನ್ನು ತೆಗೆದವಳಲ್ಲ. ವಿಲೀನವಾದರೆ ಕಡತ ವಿಭಾಗಕ್ಕೆ ಒಬ್ಬರೇ ಮುಖ್ಯಸ್ಥರು. ಮೂರು ಸಾವಿರದ ಎಂಟುನೂರ ಎಂಬತ್ತಾರು ಹೆಸರು ಬೇಕು.

ಪೆನ್ನು ತೆರೆದಳು. ಮೊದಲ ಹೆಸರು ತಾನಾಗಿಯೇ ಬಂತು: ಯೊನ ಕಂದುಲು, ನಿವೃತ್ತ ಭೂಗೋಳ ಶಿಕ್ಷಕ, ಏರಿಯಾ ಇಪ್ಪತ್ತೈದು ಬಡಾವಣೆ. ಅವಳ ಪಕ್ಕದ ಮನೆಯವರು. ಚಿಕ್ಕಂದಿನಲ್ಲಿ ಅವಳಿಗೆ ಪಾಠ ಹೇಳಿದವರೂ ಹೌದು. ಇಡೀ ಊರಿನಲ್ಲಿ ಅವರಷ್ಟು ನಿರಪಾಯದ ಮನುಷ್ಯ ಇನ್ನೊಬ್ಬರಿಲ್ಲ, ಅವರ ಹೆಸರು ಬರೆದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅವಳು ಅಂದುಕೊಂಡಳು. ಆಮೇಲೆ ಚರ್ಚಿನ ಹಾಡಿನ ತಂಡದ ನಲವತ್ತು ಜನ. ಆಮೇಲೆ ಮಾರುಕಟ್ಟೆಯ ಟೊಮೆಟೊ ಸಾಲಿನವರು. ಆಮೇಲೆ ಹಳೆಯ ದೂರವಾಣಿ ಪುಸ್ತಕ.

ಒಂದೇ ವಾರದಲ್ಲಿ ಊರಿನಲ್ಲಿ ರಟ್ಟಿನ ಫೈಲುಗಳು ಸಿಗದಂತಾದವು. ಏರಿಯಾ ಎರಡರ ಕಾಗದದ ಅಂಗಡಿಯಲ್ಲಿ ಕೊನೆಯ ಮುನ್ನೂರು ಉಳಿದಿವೆಯೆಂದು ಕೇಳಿ ಎಸ್ನಾತ್ ತಾನೇ ಓಡಿದಳು. ಅಲ್ಲಿ ಆಗಲೇ ಒಬ್ಬ ಮನುಷ್ಯ ಆ ಕಟ್ಟುಗಳ ಮೇಲೆ ಮೊಣಕೈ ಊರಿ ನಿಂತಿದ್ದ. ತೆಳ್ಳಗಿನ ಆಳು, ಅಚ್ಚುಕಟ್ಟಾದ ಸ್ವೆಟರು, ಈ ಬಿಸಿಲಲ್ಲೂ.

"ಅಣ್ಣಾ, ಅರ್ಧ ನಂಗೆ ಬಿಟ್ಕೊಡಿ. ಚರ್ಚಿನ ಹಾಡಿನ ತಂಡಕ್ಕೆ ಬೇಕು," ಎಂದಳು ಎಸ್ನಾತ್.

"ನಂಗೂ ಹಾಡಿನ ತಂಡಕ್ಕೇ."

"ಮುನ್ನೂರು ಜನ ಹಾಡ್ತಾರಾ ನಿಮ್ಮಲ್ಲಿ?"

"ನಿಮ್ಮಲ್ಲಿ ನೂರೈವತ್ತು ಜನ ಹಾಡ್ತಾರಾ?"

ಅಂಗಡಿಯವನು ಇಬ್ಬರ ಮುಂದೆಯೂ ರಸೀದಿ ಪುಸ್ತಕ ತಳ್ಳಿ, ಪಾಲು ಹಾಕಿಕೊಳ್ಳಿ ಎಂದ. ಎಸ್ನಾತ್ ಸಹಿ ಮಾಡಿದಳು. ಆ ಮನುಷ್ಯ ಸಹಿಯನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಸಹಿ ಹಾಕಿದ. ಈಗ ನೋಡುವ ಸರದಿ ಎಸ್ನಾತಳದು. ಬಾಲ ಸುರುಳಿ ಸುತ್ತಿಕೊಂಡ ಆ ಅಕ್ಷರ ಅವಳಿಗೆ ಹತ್ತೊಂಬತ್ತು ವರ್ಷದಿಂದ ಪರಿಚಯ. ಎರಡು ಇಲಾಖೆಗಳ ನಡುವೆ ಹೋಗಿ ಬರುವ ಪ್ರತಿ ಪತ್ರದ ಕೆಳಗೂ ಅದಿರುತ್ತಿತ್ತು. 'ನಿಮ್ಮ ಪತ್ರ ತಲುಪಿದೆ. ಲೆ. ಸಿಂಬೆಯೆ, ಕಡತ ವಿಭಾಗ.'

"ನೀವೇನಾ?" ಎಂದಳು.

"ನಾನೇ ಅಮ್ಮಾ. ಲೆವಿಸನ್. ನಿಮ್ಮ ಪತ್ರಗಳಲ್ಲಿ ಒಂದು ತಪ್ಪು ಹುಡುಕಬೇಕು ಅಂತ ಹತ್ತೊಂಬತ್ತು ವರ್ಷದಿಂದ ಕಾಯ್ತಿದೀನಿ. ಸಿಕ್ಕಿಲ್ಲ."

ಇಬ್ಬರೂ ಹೊರಗೆ ಬಂದು ಗಾಣದ ಕಬ್ಬಿನ ಹಾಲು ಕುಡಿದರು. ತಮ್ಮ ಗತಿಯೂ ಅದೇ ಎಂದ ಲೆವಿಸನ್. ಅವರ ನಿರ್ದೇಶಕರು ಹದಿಮೂರು ಸಾವಿರ ಕೇಳಿದ್ದಾರೆ. "ನಿಮಗಾದ್ರೆ ಊರು ತುಂಬ ಜನ ಇದ್ದಾರೆ. ನಮ್ಮದು ಹೊರದೇಶ. ಇಲ್ಲಿ ಕೂತು ನಾನು ಎಷ್ಟು ಪರದೇಶದವರ ಹೆಸರು ತರ್ಲಿ? ಫುಟ್‌ಬಾಲ್ ತಂಡಗಳು ಮುಗಿದ್ವು. ಆಮೇಲೆ ಒಬ್ಬ ಮೇಷ್ಟ್ರ ಹತ್ತಿರ ಹಳೇ ಶಾಲಾ ಅಟ್ಲಾಸ್ ಕೊಂಡ್ಕೊಂಡೆ. ಈಗ ನದಿಗಳ ಹೆಸರಲ್ಲಿ ತೆರೀತಿದೀನಿ. ಮೊನ್ನೆ ವೋಲ್ಗಾ ಅನ್ನೋ ಹೆಣ್ಣುಮಗಳ ಮೇಲೆ ಒಂದು ತೆರೆದೆ."

"ಮೇಷ್ಟ್ರು ಯಾರು?"

"ಏರಿಯಾ ಇಪ್ಪತ್ತೈದರ ಕಂದುಲು ಅಂತ. ಹೆಸರುಗಳನ್ನ ಉಚ್ಚಾರ ಮಾಡೋದನ್ನೂ ಹೇಳಿಕೊಟ್ರು. ಎರಡು ಸಲ ಹೋಗಿದ್ದೆ. ಒಳ್ಳೇ ಮನುಷ್ಯ, ಸಿಹಿಗೆಣಸು ಬೇಯಿಸಿ ಕೊಟ್ರು."

ತಾನು ಬರೆದ ಮೊದಲ ಹೆಸರನ್ನು ಅವನ ಬಾಯಲ್ಲಿ ಕೇಳಿ ಎಸ್ನಾತ್ ಅರ್ಧ ಕುಡಿದ ಲೋಟ ಕೆಳಗಿಟ್ಟು, ತನ್ನ ಪಾಲಿನ ಕಟ್ಟು ಎತ್ತಿಕೊಂಡಳು.

ಹಸಿರು ಗೇಟು ಎಲ್ಲರ ಮೇಲೂ ಫೈಲು ತೆರೆಯುತ್ತಿದೆ ಎಂಬುದು ಊರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಜನ ಹೆದರುತ್ತಾರೆ, ಮನೆಗೆ ಕಲ್ಲು ಬೀಳುತ್ತದೆ ಎಂದುಕೊಂಡಿದ್ದಳು ಎಸ್ನಾತ್. ಭಾನುವಾರ ಚರ್ಚಿನಲ್ಲಿ ಅವಳ ದಾರಿಗೆ ಅಡ್ಡ ನಿಂತವಳು ಲವ್‌ನೆಸ್, ಮೊದಲ ಸಾಲಿನ ಹಾಡುಗಾರ್ತಿ.

"ಎಸ್ನಾತಕ್ಕಾ, ಹಿಂದಿನ ಸಾಲಿನ ಆ ಬಾಯಿ ಬಿಡದ ತಮಾಂದನಿಗೂ ಫೈಲ್ ಆಗಿದೆಯಂತೆ. ನಂದಿಲ್ವಂತೆ. ನಾನೇನು ಈ ದೇಶಕ್ಕೆ ಅಷ್ಟೂ ಬೇಡವಾದೋಳಾ?"

"ಅಯ್ಯೋ ತಾಯಿ, ಅದು ಒಳ್ಳೇದಲ್ಲ ಕಣೇ!"

"ಒಳ್ಳೇದಲ್ದೇ ಇದ್ರೆ ಪಾದ್ರಿಗೆ ಯಾಕೆ ಮಾಡ್ಕೊಟ್ರಿ? ಅವರು ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತಿದಾರೆ, ಸರ್ಕಾರ ನನ್ನ ಗಮನಿಸ್ತಿದೆ ಅಂತ."

ಲವ್‌ನೆಸ್‌ಳ ಕಣ್ಣಲ್ಲಿ ನಿಜವಾಗಿ ನೀರು ತುಂಬಿತ್ತು. ಎಸ್ನಾತ್ ಸೋಮವಾರ ಅವಳಿಗೂ ಒಂದು ತೆರೆದಳು. ಗುರುವಾರದ ಹೊತ್ತಿಗೆ ಆಫೀಸಿನ ಗೇಟಿನಲ್ಲಿ ಜನ ತಮ್ಮ ಹೆಸರು, ಊರಿನ ಮುಖ್ಯಸ್ಥರ ಶಿಫಾರಸು ಹಿಡಿದು ನಿಂತಿದ್ದರು. ನಡುವೆ ಒಬ್ಬ ಕೆಟ್ಟ ರೇಡಿಯೊ ತಂದವನೂ ಸಾಲಿನಲ್ಲಿ ನಿಂತು, ರೇಡಿಯೊದ ಜೊತೆ ಒಂದು ಫೈಲನ್ನೂ ಮಾಡಿಸಿಕೊಂಡು ಹೋದ.

ಎಡವಟ್ಟಾದದ್ದು ಸ್ಟಾಂಬುಲಿಯಿಂದ. ಹಸಿರು ಗೇಟಿನ ಹಿರಿಯ ಪತ್ತೇದಾರ ಈ ಸ್ಟಾಂಬುಲಿ. ನಾಲ್ಕು ವರ್ಷದಿಂದ ಅವನಿಗೆ ಹಿಂಬಾಲಿಸಲು ಯಾರೂ ಸಿಕ್ಕಿರಲಿಲ್ಲ. ಹೊಸ ಕಡತಗಳ ರಾಶಿಯ ತಳದಿಂದ ಅವನು ಮೊದಲನೆಯದನ್ನು ಎಳೆದುಕೊಂಡ. ಹೆಸರು ಬಿಟ್ಟರೆ ಒಳಗೆ ಏನೂ ಇಲ್ಲ. ಕಾರಣದ ಸಾಲು ಕೂಡ ಖಾಲಿ. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಅವನು ಇಷ್ಟು ಸ್ವಚ್ಛವಾದ ಮನುಷ್ಯನನ್ನು ಕಂಡಿರಲಿಲ್ಲ. ಇಷ್ಟು ಸ್ವಚ್ಛವಾಗಿರಬೇಕಾದರೆ ಎಷ್ಟು ಹುಷಾರಿರಬೇಕು ಎಂದು ಮೈ ಜುಮ್ಮೆಂದಿತು. ಮರುದಿನ ಬೆಳಿಗ್ಗೆ ಕಂದುಲು ಮೇಷ್ಟ್ರ ಮನೆಯೆದುರಿನ ಮಾವಿನ ಮರದ ಕೆಳಗೆ ದಿನಪತ್ರಿಕೆ ಹಿಡಿದು ಕುಳಿತ.

ಹಸಿರು ಗೇಟಿನವರು ಯಾಕೆ ಇಲ್ಲಿ ಕುಳಿತಿದ್ದಾರೆಂದು ತಿಳಿಯಲು ಬಿಳಿ ಗೇಟಿನವರೂ ಒಬ್ಬನನ್ನು ಕಳಿಸಿದರು. ಅವನೂ ಅದೇ ಮರದ ಕೆಳಗೆ ಕುಳಿತ. ಆ ಬೀದಿಗೆ ನೆರಳಿದ್ದದ್ದು ಅದೊಂದೇ.

ಎಸ್ನಾತ್ ಸಂಜೆ ಮನೆಗೆ ಬಂದವಳು ಇಬ್ಬರನ್ನೂ ನೋಡಿದಳು. ಚೀಲ ಕೆಳಗಿಡದೆ ನೇರ ಮೇಷ್ಟ್ರ ಅಂಗಳಕ್ಕೆ ಹೋದಳು. ಕಂದುಲು ಹೊರಗೆ ಒಲೆ ಹಚ್ಚಿ ನಾಲ್ಕು ಲೋಟಕ್ಕೆ ಚಹಾ ಸೋಸುತ್ತಿದ್ದರು.

"ಮೇಷ್ಟ್ರೇ, ನನ್ನಿಂದ ದೊಡ್ಡ ತಪ್ಪಾಗಿದೆ. ಆ ಇಬ್ಬರು ಬಂದಿರೋದು ನನ್ನಿಂದ." ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಮೇಷ್ಟ್ರು ತಲೆಯಾಡಿಸುತ್ತ ಕೇಳಿದರು. "ಅದಕ್ಯಾಕೆ ಅಳ್ತೀಯಾ ಎಸ್ನಾತ್? ನನ್ನ ಹೆಂಡತಿ ಹೋಗಿ ಆರು ವರ್ಷ ಆಯ್ತು. ನಾನು ಎಷ್ಟು ಹೊತ್ತಿಗೆ ಎದ್ದೆ, ಏನು ತಿಂದೆ ಅಂತ ಕೇಳೋರು ಯಾರೂ ಇರ್ಲಿಲ್ಲ. ಈಗ ಇಬ್ಬರು ಬರ್ಕೊಳ್ತಾರೆ. ಆ ಸ್ಟಾಂಬುಲಿ ಅನ್ನೋನು ಬೆಳಿಗ್ಗೆ ನನ್ನ ಕೆಮ್ಮನ್ನೂ ಬರ್ಕೊಂಡ. ಆದ್ರೆ ದಿಕ್ಕು ತಪ್ಪು ಬರೀತಾನೆ. ನಾನು ಬಾವಿಗೆ ಹೋದ್ರೆ ಪೂರ್ವ ಅಂತ ಬರ್ದಿದ್ದ. ತಿದ್ದಿ ಕೊಟ್ಟೆ."

"ನಗಬೇಡಿ ಮೇಷ್ಟ್ರೇ. ಅವರು ಬರ್ಕೊಂಡಿದ್ದನ್ನ ಓದೋರೂ ಇರ್ತಾರೆ."

ಅವಳು ಹೆದರಿದಂತೆಯೇ ಆಯಿತು. ಹನ್ನೊಂದನೆಯ ದಿನ ಸ್ಟಾಂಬುಲಿ, ಬಿಳಿ ಗೇಟಿನ ಲೆವಿಸನ್ ಮೂರನೆಯ ಸಲ ಮೇಷ್ಟ್ರ ಮನೆಗೆ ಬಂದು ಸೈಬೀರಿಯಾದ ನದಿಗಳ ಉಚ್ಚಾರ ಕಲಿತು ಹೋದದ್ದನ್ನು ಬರೆದ. ಹಿಂದೆ ಅಟ್ಲಾಸ್ ಮಾರಿದ ವಿಷಯವನ್ನು ಮೇಷ್ಟ್ರೇ ಚಹಾ ಕುಡಿಯುತ್ತ ಅವನಿಗೆ ಹೇಳಿದ್ದರು, ಅದನ್ನೂ ಸೇರಿಸಿದ. ಮರುದಿನ ಬೆಳಿಗ್ಗೆ ಹಸಿರು ಗೇಟಿನ ಜೀಪು ಮೇಷ್ಟ್ರನ್ನು ಕರೆದುಕೊಂಡು ಬಂತು. ಕಲುವ ತಾವೇ ವಿಚಾರಣೆಗೆ ಕುಳಿತರು. ಕಡತ ತರಲು ಎಸ್ನಾತಳಿಗೆ ಕರೆ ಹೋಯಿತು.

ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಕುರ್ಚಿ ತುಸು ಎತ್ತರವಿದ್ದುದರಿಂದ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

"ನೀವು ಬಿಳಿ ಗೇಟಿನವರಿಗೆ ದೇಶದ ಭೂಪಟ ಮಾರಿದ್ದು ನಿಜವಾ?"

"ದೇಶದ್ದೊಂದೇ ಅಲ್ಲ, ಇಡೀ ಜಗತ್ತಿನದು. ಮಕ್ಕಳ ಅಟ್ಲಾಸ್. ಅಂಟಾರ್ಕ್ಟಿಕಾ ಪುಟ ಇಲಿ ತಿಂದಿತ್ತು. ಅದನ್ನ ಮೊದ್ಲೇ ಹೇಳಿದ್ದೆ."

"ಹನ್ನೊಂದು ದಿನ ನಿಮ್ಮನ್ನ ಹಿಂಬಾಲಿಸಿದೀವಿ. ಏನೂ ಸಿಕ್ಕಿಲ್ಲ. ಇದಕ್ಕೆ ಏನು ವಿವರಣೆ ಕೊಡ್ತೀರಿ?"

"ಏನೂ ಇರ್ಲಿಲ್ಲ, ಅದಕ್ಕೇ."

"ಏನೂ ಇಲ್ದೇ ಇದ್ದೋರ ಮೇಲೆ ನಾವ್ಯಾಕೆ ಫೈಲು ತೆರೀತೀವಿ?"

ಮೇಷ್ಟ್ರು ಎಸ್ನಾತಳ ಕಡೆ ನೋಡಲಿಲ್ಲ. ಅವಳನ್ನು ಸಿಕ್ಕಿಸಬಾರದೆಂದು ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತರು. ಎಸ್ನಾತಳಿಗೆ ಅದನ್ನು ತಡೆಯಲಾಗಲಿಲ್ಲ.

"ಬ್ವಾನಾ, ಆ ಫೈಲು ತೆರೆದಿದ್ದು ನಾನು. ಎಣಿಕೆ ತುಂಬಿಸೋಕೆ. ಬರೀ ಹೆಸರು ಬೇಕಿತ್ತು, ಇವರ ಹೆಸರು ಮೊದಲು ನೆನಪಾಯ್ತು, ಬರೆದೆ. ಅಷ್ಟೇ."

ಕಲುವ ನಿಧಾನವಾಗಿ ಗುಂಡಿ ಬಿಚ್ಚಿದರು. "ಮೊದಲು ನೆನಪಾಯ್ತು."

"ಹೌದು."

"ಈ ದೇಶದಲ್ಲಿ ಇಷ್ಟು ಕೋಟಿ ಜನ ಇದ್ದಾರೆ. ಮೊದಲು ನೆನಪಾಗಿದ್ದು ಇವರೇ. ಯಾಕಮ್ಮಾ?"

ಎಸ್ನಾತ್ ಕಡತದ ಮೊದಲ ಹಾಳೆಯ ಖಾಲಿ ಸಾಲನ್ನು ನೋಡಿದಳು. ಯಾವ ಉತ್ತರ ಕೊಟ್ಟರೂ ಅದೊಂದು ಕಾರಣವಾಗುತ್ತಿತ್ತು. ಸ್ಟಾಂಬುಲಿ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದ. "ನಾಳೆ ಬೆಳಿಗ್ಗೆವರೆಗೆ ಯೋಚನೆ ಮಾಡಿ ಹೇಳಿ. ಅಲ್ಲಿವರೆಗೆ ಮೇಷ್ಟ್ರು ಇಲ್ಲೇ ಇರ್ಲಿ," ಎಂದರು ಕಲುವ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಸ್ನಾತ್ ಊಟಕ್ಕೆ ಹೋಗಲಿಲ್ಲ. ಜಕರಂಡ ಸಾಲು ದಾಟಿ, ಜೀವನದಲ್ಲಿ ಮೊದಲ ಬಾರಿಗೆ ಬಿಳಿ ಗೇಟಿನೊಳಗೆ ಕಾಲಿಟ್ಟಳು. ಕಾವಲಿನವನು "ಹಸಿರು ಗೇಟಿನ ಕನ್ಯೆಂದ ಅಮ್ಮ ಅಲ್ವಾ? ಬಲಗಡೆ ಮೂರನೇ ಬಾಗಿಲು," ಎಂದ. ಲೆವಿಸನ್ ಮೇಜಿನ ಮೇಲೆ ಎನ್ಸೀಮಾ ಮುದ್ದೆ ಮತ್ತು ಒಣ ಮೀನಿನ ಡಬ್ಬಿ ತೆರೆದು ಕುಳಿತಿದ್ದ. ವಿಷಯ ಕೇಳಿ ಕೈ ತೊಳೆದುಕೊಂಡ.

"ನಾನು ಅವರ ಮನೆಗೆ ಹೋಗಬಾರದಿತ್ತು," ಎಂದ.

"ನಾನು ಬರೀಬಾರದಿತ್ತು. ಈಗ ಆ ಮಾತು ಬಿಡಿ. ಅವರನ್ನ ಹೊರಗೆ ತರೋದು ಹೇಗೆ?"

ಲೆವಿಸನ್ ಮೇಜಿನ ಖಾನೆ ಎಳೆದ. "ನಮ್ಮಲ್ಲಿ ಒಂದು ಅಚ್ಚಾದ ಪತ್ರ ಇದೆ. 'ಈ ವ್ಯಕ್ತಿ ನಮಗೆ ಗೊತ್ತು' ಅಂತ ಒಂದೇ ಸಾಲು. ಅದನ್ನ ನೋಡಿದ್ರೆ ಯಾವ ಇಲಾಖೆಯವರೂ ಮುಂದೆ ಪ್ರಶ್ನೆ ಕೇಳೋ ಹಾಗಿಲ್ಲ. ಅದು ಸುಳ್ಳೂ ಅಲ್ಲ. ನಂಗೆ ಗೊತ್ತು ತಾನೇ ಅವರು."

"ಮತ್ತೆ ಫೈಲು? ಅದು ನಮ್ಮಲ್ಲಿ ಇರೋವರೆಗೂ ಯಾರಾದ್ರೂ ಒಬ್ಬ ಎತ್ಕೊಂಡು ಓದ್ತಾನೆ. ಮೇಷ್ಟ್ರದ್ದೊಂದೇ ಅಲ್ಲ, ಎಲ್ಲರದ್ದೂ. ಸುಟ್ಟರೆ ಸುಟ್ಟಿದ್ದಕ್ಕೆ ಒಂದು ಫೈಲಾಗುತ್ತೆ."

"ವರ್ಗ ಮಾಡಿ. ನಂಗೆ ಮೂರು ಸಾವಿರ ಕಮ್ಮಿ ಬಿದ್ದಿದೆ."

"ಅವರೆಲ್ಲ ಇಲ್ಲಿಯೋರು, ಲೆವಿಸನ್. ನಿಮ್ಮದು ಹೊರದೇಶ."

"ಸಮಿತಿ ತೆರೆಯೋದಿಲ್ವಲ್ಲ ಅಮ್ಮಾ, ಹೊರಗಿನಿಂದ ಎಣಿಸ್ತಾರೆ."

ಎಸ್ನಾತ್ ಕುಳಿತಲ್ಲೇ ವರ್ಗಾವಣೆಯ ಪತ್ರ ಬರೆದಳು: ವಿಲೀನದ ಪೂರ್ವತಯಾರಿಯಾಗಿ ಮೂರು ಸಾವಿರದ ಎಂಟುನೂರ ಎಂಬತ್ತಾರು ಕಡತಗಳನ್ನು ಕಳಿಸಲಾಗುತ್ತಿದೆ. ಅವಳಿಗೆ ಗೊತ್ತಿತ್ತು, ಇದರಿಂದ ಹಸಿರು ಗೇಟು ಸೋಲುತ್ತದೆ, ತನ್ನ ಕುರ್ಚಿ ಹೋಗುತ್ತದೆ. ಆದರೂ ಮೂರು ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆ ಹಸಿಯಿತು. ಲೆವಿಸನ್ ಡಬ್ಬಿಯನ್ನು ಅವಳತ್ತ ಸರಿಸಿದ.

ಮೂರು ಗಂಟೆಗೆ ಕಲುವರ ಮೇಜಿಗೆ ಆ ಒಂದು ಸಾಲಿನ ಪತ್ರ ತಲುಪಿತು. ಅವರು ಅದನ್ನು ಎರಡು ಸಲ ಓದಿ ಬೆವರಿದರು. ಹನ್ನೊಂದು ದಿನ ಹಿಂಬಾಲಿಸಿದರೂ ಏನೂ ಸಿಗದಂಥ ಮನುಷ್ಯ ಬಿಳಿ ಗೇಟಿನವನೆಂದರೆ, ಅವರ ತರಬೇತಿ ಯಾವ ಮಟ್ಟದ್ದಿರಬೇಕು! ತಾವೇ ಎದ್ದು ಹೋಗಿ ಮೇಷ್ಟ್ರ ಕೋಟಿನ ಧೂಳು ಕೊಡವಿ, ತಮ್ಮ ಕಾರಿನಲ್ಲೇ ಮನೆಗೆ ಕಳಿಸಿದರು.

ಕಡತಗಳನ್ನು ಮರುದಿನ ಎಲೆಕೋಸು ಸಾಗಿಸುವ ಪಿಕಪ್ಪಿನಲ್ಲಿ, ಹಾಡಹಗಲಲ್ಲೇ, ಏಳು ಸಲ ಸಾಗಿಸಿದರು. ರಸ್ತೆ ನಡುವೆ ಒಂದು ಕಟ್ಟು ಬಿಚ್ಚಿ ಬಿದ್ದಾಗ ಸೈಕಲ್ ಟ್ಯಾಕ್ಸಿಯವರೆಲ್ಲ ನಿಂತು ಆರಿಸಿ ಕೊಟ್ಟರು. ಒಬ್ಬ ತನ್ನದೇ ಹೆಸರಿನ ಫೈಲು ಸಿಕ್ಕಿದ್ದಕ್ಕೆ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ, ಆಮೇಲೆ ಜೋಪಾನವಾಗಿ ಗಾಡಿಗಿಟ್ಟ.

ಎಣಿಕೆಯ ದಿನ ಸಮಿತಿ ಬಂತು. ಅಧ್ಯಕ್ಷೆ ದಪ್ಪ ಕನ್ನಡಕದ ನಿವೃತ್ತ ನ್ಯಾಯಾಧೀಶೆ. ಜೊತೆಗಿದ್ದ ಇಬ್ಬರಲ್ಲಿ ಒಬ್ಬ ಎಣಿಸುವವನು, ಇನ್ನೊಬ್ಬ ಅವನನ್ನು ಗಮನಿಸುವವನು. ಹಸಿರು ಗೇಟಿನಲ್ಲಿ ಎಂಟು ಸಾವಿರದ ನೂರ ಹದಿನಾಲ್ಕು. ಬಿಳಿ ಗೇಟಿನಲ್ಲಿ ಹದಿನಾಲ್ಕು ಸಾವಿರದ ಮುನ್ನೂರ ಎರಡು. ಕಲುವ ಎಸ್ನಾತಳನ್ನು ಕೋಣೆಗೆ ಕರೆದರು.

"ನನ್ನ ನಾಲ್ಕು ಸಾವಿರ ಎಲ್ಲಿ?"

"ಕಾರಣ ಬರಲಿಲ್ಲ ಬ್ವಾನಾ. ಕಾದು ನೋಡಿದೆ."

ಅವರು ಕೂಗಾಡಲಿಲ್ಲ. ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿಬಿಟ್ಟರು. ಎಸ್ನಾತಳಿಗೆ ಅವರ ಬಗ್ಗೆ ಕೊಂಚ ಮರುಕವಾಯಿತು. ತನ್ನ ಮೇಜಿನ ಸಾಮಾನು ಚೀಲಕ್ಕೆ ತುಂಬಿ, ಬೀಗದ ಕೈಗಳ ಗೊಂಚಲನ್ನು ಒರೆಸಿಟ್ಟು ಆಜ್ಞೆಗಾಗಿ ಕಾದಳು.

ಸಮಿತಿಯ ವರದಿ ಎರಡು ವಾರಕ್ಕೆ ಬಂತು. ಅದರಲ್ಲಿ ಮೂರು ತೀರ್ಮಾನಗಳಿದ್ದವು. ಒಂದು, ಹಸಿರು ಗೇಟು ತನ್ನ ಕೆಲಸಕ್ಕೆ ಸರಿಯಾದ ಗಾತ್ರದಲ್ಲಿದೆ, ಅದನ್ನು ಮುಟ್ಟಬಾರದು. ಎರಡು, ಬಿಳಿ ಗೇಟಿನ ಮೇಲೆ ಹೊರಲಾರದಷ್ಟು ಹೊರೆ ಬಿದ್ದಿದೆ, ಅದನ್ನು ಕೂಡಲೇ ಎರಡು ಭಾಗ ಮಾಡಬೇಕು. ಹೀಗೆ, ಎರಡನ್ನು ಒಂದು ಮಾಡುತ್ತಾರೆಂಬ ಮಾತಿನಿಂದ ಶುರುವಾದದ್ದು ಎರಡು ಹೋಗಿ ಮೂರಾಗುವಲ್ಲಿಗೆ ಬಂತು. ಮೂರನೆಯ ತೀರ್ಮಾನ ಹೊಸ ಇಲಾಖೆಯ ಮುಖ್ಯಸ್ಥರದು. ಎರಡೂ ಗೇಟಿನವರು ಒಪ್ಪುವ ಹೆಸರನ್ನು ಸಮಿತಿ ಹುಡುಕಿತ್ತು. ಹಸಿರು ಗೇಟಿನವರು ಹನ್ನೊಂದು ದಿನ ಹಿಂಬಾಲಿಸಿ ಏನೂ ಸಿಗದೆ ಬಿಟ್ಟ, ಬಿಳಿ ಗೇಟಿನವರು 'ನಮಗೆ ಗೊತ್ತು' ಎಂದು ಬರೆದುಕೊಟ್ಟ ಮನುಷ್ಯ ಇಡೀ ದೇಶದಲ್ಲಿ ಒಬ್ಬರೇ ಇದ್ದರು. ನಿವೃತ್ತ ಭೂಗೋಳ ಶಿಕ್ಷಕ ಯೊನ ಕಂದುಲು ಅವರನ್ನು ನೇಮಿಸಲಾಯಿತು.

ಮೇಷ್ಟ್ರು ಬೇಡವೆಂದು ಎರಡು ಪತ್ರ ಬರೆದರು. ಅಧಿಕಾರದ ಆಸೆಯಿಲ್ಲದ್ದು ಇನ್ನೊಂದು ಅರ್ಹತೆಯೆಂದು ಸಮಿತಿ ಉತ್ತರಿಸಿತು. ಕೊನೆಗೆ ಅವರು ಎಸ್ನಾತಳ ಮನೆಗೆ ಬಂದು ಬಾಗಿಲಲ್ಲಿ ನಿಂತರು.

"ನೀನು ಬಂದ್ರೆ ನಾನು ಹೋಗ್ತೀನಿ. ಇಲ್ದಿದ್ರೆ ಜ್ವರ ಬಂತು ಅಂತ ಮಲಗಿಬಿಡ್ತೀನಿ."

"ನಾನು ಅಲ್ಲಿ ಏನು ಮಾಡ್ಲಿ ಮೇಷ್ಟ್ರೇ?"

"ಬಿಳಿ ಗೇಟಿಂದ ನಮ್ಮ ಪಾಲಿಗೆ ನಿನ್ನ ಆ ನಾಲ್ಕು ಸಾವಿರ ಫೈಲೇ ಬಂದಿವೆ. ಆ ಲೆವಿಸನ್ ಆರಿಸಿ ಕಳಿಸಿದಾನೆ. ಅವು ಯಾರವೋ ಅವರಿಗೆ ವಾಪಸ್ ಕೊಟ್ಟುಬಿಡೋಣ. ಮನೆ ಕಾಗದ ಇಟ್ಕೊಳ್ಳೋಕಾದ್ರೂ ಆಗುತ್ತೆ."

ಎಸ್ನಾತ್ ಹೋದಳು. ಹೊಸ ಇಲಾಖೆಗೆ ಸಿಕ್ಕಿದ್ದು ಏರಿಯಾ ನಾಲ್ಕರ ಒಂದು ಹಳೆಯ ಮೀನಿನ ಉಗ್ರಾಣ. ಗೋಡೆಗೆಲ್ಲ ಉಸಿಪ ಮೀನಿನ ವಾಸನೆ ಹತ್ತಿತ್ತು. ಎರಡೂ ಗೇಟುಗಳಿಂದ ಹನ್ನೆರಡು ಅಧಿಕಾರಿಗಳು ವರ್ಗವಾಗಿ ಬಂದರು. ಎರಡೂ ಕಡೆಯವರು ತಮಗೆ ಬೇಡವಾದವರನ್ನೇ ಕಳಿಸಿದ್ದರು. ಮೊದಲ ದಿನ ಕಂದುಲು ಗೋಡೆಗೆ ಆಫ್ರಿಕಾದ ದೊಡ್ಡ ಭೂಪಟ ತೂಗುಹಾಕಿ, ಕೈಯಲ್ಲಿ ಕೋಲು ಹಿಡಿದು ನಿಂತರು. ಆ ಭೂಪಟದಲ್ಲಿ ಹೆಸರುಗಳಿರಲಿಲ್ಲ, ಗೆರೆಗಳಷ್ಟೇ.

"ಒಬ್ಬೊಬ್ಬರೇ ಬಂದು ನಮ್ಮ ದೇಶ ತೋರಿಸಿ. ಆಮೇಲೆ ಅಕ್ಕಪಕ್ಕದ ಮೂರು ದೇಶ. ಗೊತ್ತಿಲ್ದೇ ಇದ್ದೋರು ಹೊರಗೆ ಬಿಸಿಲಲ್ಲಿ ನಿಲ್ಲಿ."

ಹನ್ನೆರಡರಲ್ಲಿ ಒಂಬತ್ತು ಜನ ಹೊರಗೆ ಹೋದರು. ಟಾಂಜಾನಿಯಾವನ್ನು ದಕ್ಷಿಣಕ್ಕಿಟ್ಟ ಒಬ್ಬ ಹೋಗುವಾಗ "ಸಾರ್, ನಮಗೆ ಇದನ್ನ ತರಬೇತಿಲಿ ಹೇಳಿರ್ಲಿಲ್ಲ," ಎಂದು ಗೊಣಗಿದ. ದಾರಿಹೋಕರು ನಿಂತು, ಸೂಟು ಹಾಕಿಕೊಂಡು ಸಾಲಾಗಿ ನಿಂತ ದೊಡ್ಡವರನ್ನು ನೋಡಿದರು. ಒಬ್ಬಳು ಅವರಿಗೆ ನೀರು ತಂದುಕೊಟ್ಟಳು.

ಒಳಗೆ ಎಸ್ನಾತಳ ಸರದಿ ಬಂತು. ಅವಳು ಭೂಪಟದ ಮುಂದೆ ನಿಂತು, ಉದ್ದಕ್ಕೆ ಮಲಗಿದ ಸರೋವರದ ಮೇಲೆ ಬೆರಳಿಟ್ಟಳು. ಜಾಂಬಿಯಾ, ಟಾಂಜಾನಿಯಾ, ಮೊಜಾಂಬಿಕ್ ಒಂದೊಂದಾಗಿ ತೋರಿಸಿದಳು. ಮೇಷ್ಟ್ರು ಒಪ್ಪಿ ತಲೆಯಾಡಿಸಿದರು. ಅವಳು ತನ್ನ ಜಾಗಕ್ಕೆ ಹೋಗಿ ಕೂರಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತವರಿಗೆ ಬಾಗಿಲಿನಿಂದಲೇ, ಕೈ ಎತ್ತಿ, ಉತ್ತರ ಯಾವ ಕಡೆ ಎಂದು ತೋರಿಸತೊಡಗಿದಳು.